ತೆಂಗಿನ ಸೀಮೆಯ ತರಗತಿಯಲ್ಲಿ ಮುಕ್ತ ಪ್ರಶ್ನೆ

ಒಂದು ಪದದಲ್ಲಿ ಮುಗಿಯದ, ಕಾರಣ ಕೊಟ್ಟು ವಿವರಿಸಬೇಕಾದ ಪ್ರಶ್ನೆಯೇ ಮುಕ್ತ ಪ್ರಶ್ನೆ. ‘ಕೊಬ್ಬರಿ ಮಾರುಕಟ್ಟೆಗೆ ಹೆಸರಾದ ಊರು ಯಾವುದು?’ ಎಂದು ಕೇಳಿದರೆ ತಿಪಟೂರು ಎಂದರಾಯಿತು. ‘ಕೇರಳದಲ್ಲಿ ಕಾಯಿ ಒಡೆದು ಹೋಳು ಒಣಗಿಸುತ್ತಾರೆ, ನಮ್ಮಲ್ಲಿ ಇಡೀ ಕಾಯನ್ನೇ ಅಟ್ಟಕ್ಕೆ ಹಾಕುತ್ತಾರೆ, ಯಾಕೆ?’ ಎಂದರೆ ಮಕ್ಕಳು ಯೋಚಿಸಲೇಬೇಕು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಮಕ್ಕಳಿಗೆ ಇಂಥ ಯೋಚನೆಗೆ ಬೇಕಾದ ಸಾಮಗ್ರಿ ಮನೆಯಲ್ಲೇ ಇದೆ. ಬಲಿತ ಕಾಯಿ ಹೆಚ್ಚುಕಡಿಮೆ ವರ್ಷವಿಡೀ ಅಟ್ಟದಲ್ಲಿದ್ದು, ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿ ಸದ್ದು ಕೇಳಿಯೇ ಅದು ಹದಕ್ಕೆ ಬಂದಿದೆಯೇ ಎಂದು ಹೇಳುವ ಮಕ್ಕಳು ಈ ಶಾಲೆಗಳಲ್ಲಿದ್ದಾರೆ. ಮೇಲಿನ ಪ್ರಶ್ನೆಗೆ ಒಬ್ಬರು ಮಳೆ ಎನ್ನಬಹುದು, ಇನ್ನೊಬ್ಬರು ಬೆಲೆ ಎನ್ನಬಹುದು, ಮತ್ತೊಬ್ಬರು ‘ತಾತನ ಕಾಲದಿಂದ ಹಂಗೇ’ ಎನ್ನಬಹುದು.

ಪ್ರಶ್ನೆ ಮುಕ್ತವೆಂದ ಮಾತ್ರಕ್ಕೆ ಈ ಮೂರೂ ಸಮಾನವಲ್ಲ. ಈ ವಿಧಾನ ಹೆಚ್ಚು ಕೆಡುವುದು ಇಲ್ಲಿಯೇ. ಬಂದ ಉತ್ತರಕ್ಕೆಲ್ಲ ‘ಶಭಾಷ್’ ಎಂದು ಮುಂದೆ ಹೋದರೆ ಕಲಿಕೆ ನಡೆಯುವುದಿಲ್ಲ. ಮಳೆ ಎಂದ ಮಗುವಿಗೆ ಅಂಕಿ ತೋರಿಸಬೇಕು: ಕೇರಳದ ವಾರ್ಷಿಕ ಮಳೆ ಸುಮಾರು 3000 ಮಿ.ಮೀ., ಇಲ್ಲಿ ಅದರ ಕಾಲುಭಾಗದಷ್ಟು. ಹಾಗಾದರೆ ಒಣ ಹವೆಗೂ ಅಟ್ಟಕ್ಕೂ ಏನು ಸಂಬಂಧ? ಬೆಲೆ ಎಂದ ಮಗುವಿಗೆ, ಎಣ್ಣೆಗೆ ಹೋಗುವ ಹೋಳಿಗೂ ತಿನ್ನಲು ಕೊಳ್ಳುವ ಉಂಡೆಗೂ ಕೊಳ್ಳುವವರು ಯಾರೆಂದು ಕೇಳಬೇಕು. ತಾತನನ್ನು ಹೆಸರಿಸಿದವರಿಗೆ, ತಾತ ಯಾಕೆ ಹಾಗೆ ಮಾಡಿದರೆಂದು ಮನೆಯಲ್ಲಿ ವಿಚಾರಿಸಿ ಬರಲು ಹೇಳಬಹುದು.

ಗಣಿತಕ್ಕೂ ಇದು ಹೊಂದುತ್ತದೆ. 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ ಇತ್ತು. ಮೂರು ಕ್ವಿಂಟಲಿಗೆ ಎಷ್ಟು ಎಂಬುದು ಬರೀ ಗುಣಾಕಾರ. ಎಳನೀರಿಗೆ ಕೊಡುವುದು ಲಾಭವೋ, ಕೊಬ್ಬರಿ ಮಾಡುವುದು ಲಾಭವೋ, ಅದನ್ನು ತೀರ್ಮಾನಿಸಲು ಏನೇನು ಗೊತ್ತಿರಬೇಕು ಎಂದಾಗ ಕೂಲಿ, ಕಾಯುವ ತಿಂಗಳುಗಳು, ಸಾಲದ ಬಡ್ಡಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೆ ಗುಣಾಕಾರ ಬಾರದ ಮಗುವಿಗೆ ಈ ಪ್ರಶ್ನೆ ವ್ಯರ್ಥ. ಮಗ್ಗಿ ಮೊದಲು ಬರಲೇಬೇಕು.

ಕೇಳಿದ ಮೇಲೆ ಕಾಯುವುದು ಎಲ್ಲಕ್ಕಿಂತ ಕಷ್ಟ. ಶಿಕ್ಷಕರು ಉತ್ತರಕ್ಕಾಗಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದೂ ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆಂದೂ ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದರು. ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುವವರಿಗೆ ಮೊದಲು ಬರೆಯಲು, ಪಕ್ಕದವರೊಡನೆ ಮಾತಾಡಲು ಬಿಟ್ಟರೆ ಅವರ ದನಿಯೂ ಕೇಳಿಸುತ್ತದೆ.

ಮಕ್ಕಳನ್ನು ಹೀಗೆ ಯೋಚಿಸಲು ಹಚ್ಚುವುದು ಕರ್ನಾಟಕಕ್ಕೆ ಹೊಸತಲ್ಲ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ, ಕಂಠಪಾಠ ಬಿಟ್ಟು ಚಟುವಟಿಕೆಯಿಂದ ಕಲಿಸುವ ದಾರಿ ಹಿಡಿಯಿತು. ಕಲಿಕೆಯನ್ನು ಶಾಲೆಯಾಚೆಯ ಬದುಕಿಗೆ ಜೋಡಿಸಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಆದರೂ ಎಸ್ಸೆಸ್ಸೆಲ್ಸಿ ಹತ್ತಿರವಾದಂತೆ, ಪಾಸಾಗಲು ಬೇಕಾದಷ್ಟನ್ನೇ ಕಲಿಸುವ ‘ಪಾಸಿಂಗ್ ಪ್ಯಾಕೇಜ್’ ಮೇಲುಗೈ ಪಡೆಯುತ್ತದೆ. ಇದಕ್ಕೆ ಶಿಕ್ಷಕರನ್ನಷ್ಟೇ ದೂರುವುದು ನ್ಯಾಯವಲ್ಲ. ಮಗು ಸ್ವಂತವಾಗಿ ಕೊಟ್ಟ ಸರಿಯಾದ ಕಾರಣಕ್ಕೆ ಮೌಲ್ಯಮಾಪನದ ಮಾದರಿ ಉತ್ತರದಲ್ಲಿ ಅಂಕ ಇರಬೇಕು. ಬದಲಾವಣೆ ಪ್ರಶ್ನೆಪತ್ರಿಕೆಯಿಂದಲೇ ಶುರುವಾಗಬೇಕು.