ರಿಕಾಬು ಗುಜರಿಗೆ ಹಾಕೋ ಮೊದಲು ಅದರ ನಂಬರ್ ಓದ್ರಿ



ನಮ್ಮ ಕಡೆ ಹಳೇ ಮನಿ ಅಟ್ಟದಾಗ, ದನದ ಕೊಟ್ಟಿಗ್ಯಾಗ ಕುದುರಿ ಜೀನು, ರಿಕಾಬು ಇನ್ನೂ ಅಲ್ಲೊಂದು ಇಲ್ಲೊಂದು ಸಿಗ್ತಾವ. ಗುಜರಿಯವ "ತುಕ್ಕು ಕಬ್ಬಿಣ, ಕಿಲೋ ಲೆಕ್ಕ" ಅಂತಾನ. ಮನಿಯವರು "ಧೋಂಡಿಯಾ ವಾಘನ ಕಾಲದ್ದು" ಅಂತಾರ. ನನ್ನ ಅಭಿಪ್ರಾಯ ಏನಂದ್ರ, ಈ ಎರಡೂ ಮಾತು ನಂಬೋ ಮೊದಲು ಕಬ್ಬಿಣದ ಮ್ಯಾಲೆ ಏನು ಒತ್ಯಾರ ಅನ್ನೋದನ್ನ ಓದಬೇಕು.

ಧೋಂಡಿಯಾನ ಹೆಸರು ಸುಮ್ಮನೆ ಬಂದಿಲ್ಲ. 1800ರಾಗ ಅವನ ಬೆನ್ನು ಹತ್ತಿ ವೆಲ್ಲೆಸ್ಲಿಯ ದಂಡು ಹೊಳಿ ದಾಟಿ ನಮ್ಮ ಐರಣಿ, ರಾಣೆಬೆನ್ನೂರು ಕಡೆ ಬಂದಿತ್ತು. ಕುದುರಿ ಓಡಾಡಿದ್ದು ಖರೆ. ಆದ್ರ ನಿಮ್ಮ ಅಟ್ಟದ ರಿಕಾಬು ಅವಾಗಿಂದೇ ಅನ್ನಾಕ ಅದು ಸಾಕ್ಷಿ ಅಲ್ಲ.

ಗ್ರೈಂಡರ್ ಹಚ್ಚಬ್ಯಾಡ್ರಿ, ಅಕ್ಷರ ಹೋಗ್ತಾವ. ಅರಿಬಿಗೆ ಸ್ವಲ್ಪ ಸೀಮೆಎಣ್ಣಿ ಹಚ್ಚಿ ಒರೆಸ್ರಿ. ಕಾಲಿಡೋ ಪಟ್ಟಿ ಕೆಳಗ, ಬಾರು ಹಾಯಿಸೋ ಕಣ್ಣಿನ ಹತ್ರ ಬಿಳಿ ಹಾಳಿ ಇಟ್ಟು ಪೆನ್ಸಿಲ್ ತಿಕ್ಕಿದ್ರ ಗುರುತು ಮೂಡ್ತದ.

ಇಂಗ್ಲೆಂಡಿನ ಮಾಲಿನ ಮ್ಯಾಲೆ ವಜ್ರದ ಆಕಾರದ ನೋಂದಣಿ ಗುರುತು ಇದ್ರ ಆ ವಿನ್ಯಾಸ ನೋಂದಣಿ ಆಗಿದ್ದು 1842ರಿಂದ 1883ರೊಳಗ. "ಆರ್‌ಡಿ ನಂಬರ್" ಅಂತಿದ್ರ 1884ರ ನಂತರದ್ದು, ಅಂದ್ರ ಧೋಂಡಿಯಾ ಹೋಗಿ 84 ವರ್ಷದ ಮ್ಯಾಲಿನದು. "ಪೇಟೆಂಟ್" ಅಂತ ನಂಬರ್ ಇದ್ರ ಹುಷಾರು. 1915ರ ತನಕ ಅಲ್ಲಿ ಪ್ರತಿ ವರ್ಷ ಒಂದರಿಂದ ಎಣಿಕಿ ಶುರು ಆಗ್ತಿತ್ತು, ಹಂಗಾಗಿ ವರ್ಷ ಗೊತ್ತಿಲ್ಲದ ಬರೀ ನಂಬರ್ ಸಾಲಂಗಿಲ್ಲ. 1916ರಿಂದ 1,00,001 ಅಂತ ಒಂದೇ ಸಾಲಿನ ಎಣಿಕಿ. ಹಳೇ ಪೇಟೆಂಟ್ ಕಾಗದ ಗೂಗಲ್ ಪೇಟೆಂಟ್ಸ್‌ನಾಗ, ಎಸ್ಪೇಸ್‌ನೆಟ್‌ನಾಗ ಪುಕ್ಕಟೆ ಸಿಗ್ತಾವ. ಸವಾರ ಬಿದ್ರ ಕಾಲು ಸಿಗಬಾರದು ಅಂತ ತಾನಾಗೇ ಬಿಚ್ಚೋ ರಿಕಾಬಿಗೆ ಪೇಟೆಂಟ್ ಭಾಳ ತಗೊಂಡಾರ. ಅದರ ಚಿತ್ರ ನಿಮ್ಮ ರಿಕಾಬಿನ ಪಕ್ಕ ಇಟ್ಟು ನೋಡ್ರಿ.

ಇಲ್ಲೊಂದು ಮಾತು ಗಟ್ಟಿ ನೆನಪಿಡ್ರಿ. ಪೇಟೆಂಟ್ ವರ್ಷ ಅಂದ್ರ ಅದಕ್ಕಿಂತ ಮೊದಲಿನದಲ್ಲ ಅಂತ ಅಷ್ಟ. ಹಕ್ಕು ಮುಗಿದ ಮ್ಯಾಲೂ ಅದೇ ಅಚ್ಚಿನ್ಯಾಗ ಮಾಲು ಮಾಡಬಹುದಿತ್ತು. ರಿಕಾಬಿನ ವರ್ಷ ಜೀನಿನ ವರ್ಷನೂ ಅಲ್ಲ, ಬಾರು, ರಿಕಾಬು ಬದಲಾಗ್ತಾವ. ಗುರುತೇ ಇಲ್ಲಂದ್ರ ನಮ್ಮ ಕಮ್ಮಾರರ ಕೈಕೆಲಸ ಇರಬಹುದು, ಅದಕ್ಕ ಪೇಟೆಂಟ್ ಹುಡುಕಿ ಉಪಯೋಗ ಇಲ್ಲ.

ಮಾರೋದು ಬಿಡೋದು ನಿಮಗ ಬಿಟ್ಟಿದ್ದು. ಆದ್ರ ವರ್ಷ ಗೊತ್ತಿಲ್ಲದ ಕಿಲೋ ಲೆಕ್ಕದಾಗ ಕೊಟ್ರ ಲಾಭ ನಡುವಿನವಗ. ಸುಳ್ಳು ಕಥಿ ಹೇಳಿ ಮಾರಿದ್ರ ನಾಳೆ ನಮ್ಮ ಊರಿನ ಖರೆ ಇತಿಹಾಸನೂ ಯಾರೂ ನಂಬಂಗಿಲ್ಲ. ಹಳೇ ಕಬ್ಬಿಣದ ನೇಗಿಲಕ್ಕ, ಪಂಪಿಗೂ ಇದೇ ಮಾತು. ನಿಮ್ಮ ಮನ್ಯಾಗ ಇದ್ರ ಗುರುತಿನ ಫೋಟೋ ಹಾಕ್ರಿ, ಕೂಡಿ ಓದೋಣ.