ತೂಕಕ್ಕೆ ಸಿಗದ ಹೊಗೆ

ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವಿನ ಬೈರಿದೇವರಕೊಪ್ಪ ಒಂದು ಕಾಲದಲ್ಲಿ ಹಳ್ಳಿಯಾಗಿತ್ತು; ಇಂದು ಅವಳಿನಗರದ ಬಡಾವಣೆ. 2018ರಿಂದ ಅದರ ಹೆದ್ದಾರಿಯಲ್ಲಿ 'ಚಿಗರಿ' ಬಸ್ಸುಗಳು ಓಡುತ್ತಿವೆ. 2019ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಕಲಬುರಗಿಗಳ ಜೊತೆಗೆ ಹುಬ್ಬಳ್ಳಿ-ಧಾರವಾಡದ ಹೆಸರೂ ಸೇರಿತು. ಗಾಳಿಯ ಗುಣಮಟ್ಟ ಕಾಯ್ದುಕೊಳ್ಳದ ನಗರಗಳ ಪಟ್ಟಿ ಅದು.

ಈ ಗುಣಮಟ್ಟವನ್ನು ನಿರ್ಧರಿಸುವುದು ಮುಖ್ಯವಾಗಿ ಕಣಗಳ ತೂಕ. ಸೋಸುಹಾಳೆಯ ಮೂಲಕ ಗಾಳಿ ಎಳೆದು, ಹಾಳೆಯನ್ನು ಮೊದಲೂ ಆಮೇಲೂ ತೂಗುತ್ತಾರೆ. ಪಿಎಂ 10 ಕಣಗಳಿಗೆ 2009ರಲ್ಲಿ ಗೊತ್ತುಪಡಿಸಿದ ವಾರ್ಷಿಕ ಮಿತಿ ಘನಮೀಟರಿಗೆ 60 ಮೈಕ್ರೋಗ್ರಾಂ. ಆದರೆ ತಕ್ಕಡಿಗೆ ರಸ್ತೆಯ ಧೂಳೂ ಒಂದೇ, ಸುಟ್ಟ ಕಸದ ಹೊಗೆಯೂ ಒಂದೇ. ಧೂಳು ಗುಡಿಸಿದರೆ ಅಂಕಿ ಇಳಿಯುತ್ತದೆ, ಹೊಗೆ ಉಳಿಯುತ್ತದೆ. ಈ ಕಾರ್ಯಕ್ರಮದ ಹಣದಲ್ಲಿ ಶೇ. 64ರಷ್ಟು ರಸ್ತೆ ಧೂಳಿನ ನಿವಾರಣೆಗೇ ವ್ಯಯವಾಯಿತೆಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ತೋರಿಸಿಕೊಟ್ಟದ್ದು ಆಕಸ್ಮಿಕವಲ್ಲ.

ತಕ್ಕಡಿ ಹೇಳದ್ದನ್ನು ಬೆಳಕು ಹೇಳಬಲ್ಲದು. ಮಸಿ ಎಲ್ಲ ಬಣ್ಣದ ಬೆಳಕನ್ನೂ ನುಂಗುತ್ತದೆ. ಎಲೆ, ಸೌದೆ, ಕಸ ಉರಿಯದೆ ಹೊಗೆಯಾಡಿದಾಗ ಹುಟ್ಟುವ ಸಾವಯವ ಕಣಗಳಲ್ಲಿ ಹಲವು, ಕೆಂಪನ್ನು ಬಹುಮಟ್ಟಿಗೆ ಬಿಟ್ಟು ನೀಲಿ ಹಾಗೂ ನೇರಳಾತೀತ ಬೆಳಕನ್ನು ಹೀರುತ್ತವೆ. ಇದೇ 'ಕಂದು ಇಂಗಾಲ'. 'ಸಾವಯವ' ಎಂದೊಡನೆ ಗೊಬ್ಬರ, ಬೇಸಾಯಗಳನ್ನು ನೆನೆಯುವ ಓದುಗರು ಗಮನಿಸಬೇಕು: ಇಲ್ಲಿ ಆ ಪದಕ್ಕೆ ಇಂಗಾಲದ ಸಂಯುಕ್ತವೆಂದಷ್ಟೇ ಅರ್ಥ, ನಿರಪಾಯವೆಂದಲ್ಲ. ಅದು ಶ್ವಾಸಕೋಶಕ್ಕೂ ಇಳಿಯುತ್ತದೆ, ಬಿಸಿಲನ್ನು ಹೀರಿ ಗಾಳಿಯನ್ನೂ ಕಾಯಿಸುತ್ತದೆ.

ಅಳೆಯುವ ದಾರಿಗಳು ಎರಡು. ಈಥಲೋಮೀಟರ್ ಯಂತ್ರ ಸೋಸುಪಟ್ಟಿಯ ಮೇಲಿನ ಕಣಗಳಿಗೆ 370ರಿಂದ 950 ನ್ಯಾನೋಮೀಟರಿನವರೆಗಿನ ಏಳು ತರಂಗಾಂತರಗಳ ಬೆಳಕು ಹಾಯಿಸುತ್ತದೆ. ಮಸಿಯ ಲೆಕ್ಕಕ್ಕಿಂತ ಕಡಿದಾಗಿ ನೇರಳಾತೀತದತ್ತ ಹೀರಿಕೆ ಏರಿದರೆ ಕಂದು ಇಂಗಾಲದ ಸುಳಿವು. ಆದರೆ ಪಟ್ಟಿಯ ನಾರುಗಳೇ ಬೆಳಕನ್ನು ಚದುರಿಸಿ ಹೀರಿಕೆಯನ್ನು ಹಿಗ್ಗಿಸಿ ತೋರಿಸುತ್ತವೆ. ಕಬ್ಬಿಣದಂಶವುಳ್ಳ ಕೆಮ್ಮಣ್ಣಿನ ಧೂಳೂ ನೀಲಿ ಬೆಳಕನ್ನು ಹೀರಿ ದಾರಿ ತಪ್ಪಿಸುತ್ತದೆ. ಎರಡನೆಯದು, ಹಾಳೆಯ ತುಂಡನ್ನು ಮೆಥನಾಲಿನಲ್ಲಿ ನೆನೆಸಿ, ಕರಗಿದ ಬಣ್ಣವನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 365 ನ್ಯಾನೋಮೀಟರಿನ ಬಳಿ ಅಳೆಯುವುದು. ಮಣ್ಣು, ಮಸಿ ಕರಗುವುದಿಲ್ಲ. ಹೊಗೆಯ ಬಣ್ಣ ಬಹುಪಾಲು ಕರಗುತ್ತದೆ. ಕೆಮ್ಮಣ್ಣಿನ ಸೀಮೆಗೆ ಇದೇ ಲೇಸು.

ಇದಕ್ಕೆ ಬೇಕಾದುದು ರಸಾಯನಶಾಸ್ತ್ರ ವಿಭಾಗಗಳಲ್ಲಿ ಸಾಮಾನ್ಯವಾದ ಉಪಕರಣ. ಕರ್ನಾಟಕ ವಿಶ್ವವಿದ್ಯಾಲಯವೂ 2016ರಲ್ಲಿ ಆರಂಭವಾದ ಐಐಟಿಯೂ ಧಾರವಾಡದಲ್ಲಿಯೇ ಇವೆ. ಮಾಲಿನ್ಯ ನಿಯಂತ್ರಣ ಮಂಡಳಿ ತೂಗಿದ ಹಾಳೆಯ ಒಂದು ತುಂಡನ್ನು ತಂಪಿನಲ್ಲಿ ಕಾದಿರಿಸಿ ಈ ಪ್ರಯೋಗಾಲಯಗಳಿಗೆ ಒಪ್ಪಿಸಲಿ. ಫಲಿತಾಂಶವನ್ನು ಜನರ ಮುಂದಿಡಲಿ.

ಅಳತೆಯಾಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಬಯಲಿನಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟವರಿಗೆ 25,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶಿಸಿತ್ತು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆಯನ್ನು ಭಾರತೀಯ ವಿಜ್ಞಾನ ಸಂಸ್ಥೆ ದಶಕಗಳ ಹಿಂದೆಯೇ ಕನ್ನಡ ನಾಡಿಗೆ ಕೊಟ್ಟಿತ್ತು. ನಗರದತ್ತ ಬೆರಳು ತೋರುವ ಮಲೆಸೀಮೆಯವರೂ ತಮ್ಮ ಹಿತ್ತಲಿನ ತರಗೆಲೆಯ ರಾಶಿಯನ್ನೊಮ್ಮೆ ನೋಡಿಕೊಳ್ಳಬೇಕು. ಅದು ಗೊಬ್ಬರದ ಗುಂಡಿಗೆ ಸೇರಬೇಕಾದದ್ದು, ಬೆಂಕಿಗಲ್ಲ.