ಕೈ ಕೆರೆಸುವ ನೊರೆ

ಬಾಡಿಗೆ ರೂಮಿನಲ್ಲಿ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನಿಮ್ಮ ಬಟ್ಟೆ ನೀವೇ ಒಗೆಯುತ್ತೀರಲ್ಲವೇ? ಕುತ್ತಿಗೆ, ಕಂಕುಳು, ಸೊಂಟಪಟ್ಟಿಯ ಸುತ್ತ ಕೆರೆತವೇ? ಹಾಗಿದ್ದರೆ ಸೋಪಿನಪುಡಿಯ ಮೇಲೊಂದು ಅನುಮಾನವಿರಲಿ.

ಪ್ರೆಸ್ಸಿನಲ್ಲಿ ಶಾಯಿ ಮೆತ್ತಿದ ಕೈಯನ್ನು ಇದೇ ಪುಡಿಯಲ್ಲಿ ಉಜ್ಜಿ ಉಜ್ಜಿ ನನ್ನ ಬೆರಳು ಬಿರಿದು ರಕ್ತ ಬಂದದ್ದುಂಟು. ಪುಡಿಯೊಳಗಿನ ವಾಷಿಂಗ್ ಸೋಡಾ ಬಟ್ಟೆಯ ಜಿಡ್ಡಿನ ಜೊತೆ ಚರ್ಮದ ಜಿಡ್ಡನ್ನೂ ಕಿತ್ತೊಯ್ಯುತ್ತದೆ. ದುಬಾರಿ ಪುಡಿಯೇನು ಸಾಚಾ ಅಲ್ಲ. ಅದರಲ್ಲಿ ಸೆಂಟು! ಚರ್ಮದ ಅಲರ್ಜಿ ತರುವುದರಲ್ಲಿ ಸೆಂಟು ಮುಂದಿನ ಸಾಲಿನದು. ಮಲ್ಲಿಗೆ ಚಿತ್ರಕ್ಕೆ ಕಾಸು ಕೊಟ್ಟು ಕೆರೆತ ತರುತ್ತೀರಿ.

ಸೆಂಟು, ಬಣ್ಣ ಇಲ್ಲದ್ದನ್ನು ಕೊಳ್ಳಿ. ಸಿಗದಿದ್ದರೆ ಅಗ್ಗದ್ದನ್ನೇ ಅಳತೆಯಲ್ಲಿ ಹಾಕಿ, ಪೂರ್ತಿ ಕರಗಿಸಿ, ಆಮೇಲೆ ಬಟ್ಟೆ ನೆನೆಸಿ. ಬೋರ್‌ವೆಲ್ಲಿನ ಗಡಸು ನೀರಲ್ಲಿ ನೊರೆ ಬರಲಿಲ್ಲವೆಂದು ಹಿಡಿಗಟ್ಟಲೆ ಸುರಿಯಬೇಡಿ. ಬಟ್ಟೆಯಲ್ಲಿ ಉಳಿದ ಪುಡಿಯೇ ಮೈಗೆ ಶತ್ರು. ಇನ್ನೊಂದು ಸಲ ಜಾಲಿಸಿ ಹಿಂಡಿ. ಟ್ಯಾಂಕರ್ ನೀರಾದರೂ ಡಾಕ್ಟರ ಫೀಸಿಗಿಂತ ಅಗ್ಗ! ಅಜ್ಜಿಯ ಅಂಟುವಾಳಕಾಯಿ ರೇಷ್ಮೆಗೆ ಸರಿ. ಗ್ರೀಸು ಹತ್ತಿದ ಪ್ಯಾಂಟಿಗೆ ಸಾಲದು, ಸುಳ್ಳು ಹೇಳಲಾರೆ.

ಈಗ ಪೊಟ್ಟಣ ತಿರುಗಿಸಿ. ವಿವರ ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿದ್ದರೆ ಸಾಕೆನ್ನುತ್ತದೆ ಕೇಂದ್ರದ 2011ರ ಪೊಟ್ಟಣ ಸರಕುಗಳ ನಿಯಮ. ಆ ನಿಯಮದ ಪ್ರಕಾರ ಕನ್ನಡ ಸೇರಿಸಬಹುದು, ಸೇರಿಸಲೇಬೇಕೆಂದಿಲ್ಲ! ನಾಲ್ಕು ಮನೆಯ ಬಟ್ಟೆ ಒಗೆದು ಕೈ ಒಡೆದುಕೊಂಡ ತಾಯಿ ಎಚ್ಚರಿಕೆಯ ಮಾತನ್ನು ಯಾವ ಭಾಷೆಯಲ್ಲಿ ಓದಬೇಕು? ನಾನು ಅಚ್ಚು ಹಾಕುವವನು. ಎರಡು ಸಾಲು ಕನ್ನಡ ಕೂಡಿಸುವ ಖರ್ಚೆಷ್ಟೆಂದು ನನಗೆ ಹೇಳಿಕೊಡಬೇಕಾಗಿಲ್ಲ.

ಗ್ರಾಹಕರ ದೂರಿನ ನಂಬರು ಪೊಟ್ಟಣದ ಮೇಲೆಯೇ ಇದೆ. ಇವತ್ತೇ ಫೋನು ಮಾಡಿ, ಕನ್ನಡದಲ್ಲೇ ಕೇಳಿ: ಇದರಲ್ಲಿ ಸೆಂಟಿದೆಯೇ?